ಸುರಂಗದೊಳಗಿನವರ ಸದ್ದು ಗುಡ್ಡೆಯ ಮೇಲೆ ಕೇಳಬೇಕು

ಮಾನ್ಯ ಸಂಪಾದಕರೇ,

ಸುರಂಗದ ನೀರಿನ ಬಗ್ಗೆ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ನೀರಿನ ವಿಷಯ ಚೆನ್ನಾಗಿ ಬಂದಿದೆ. ಆದರೆ ಕೊರೆಯುವ ಮನುಷ್ಯ ಗುಡ್ಡೆಯ ಒಳಗೆ ಕೂತಿರುವಾಗ ಹೊರಗಿನವರಿಗೆ ಅವನ ಸುದ್ದಿ ಗೊತ್ತಾಗುವುದು ಹೇಗೆ ಎಂಬ ಮಾತು ಅದರಲ್ಲಿ ಇರಲಿಲ್ಲ. ಆ ಒಂದು ವಿಷಯದ ಹಿಂದೆ ನಾನು ನಾಲ್ಕು ವರ್ಷದಿಂದ ಬಿದ್ದಿದ್ದೇನೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಹಾಕಿ.

ನಾನು ಕಾಸರಗೋಡು ಜಿಲ್ಲೆಯ ಬಾಯಾರಿನವನು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ 31 ವರ್ಷ ದುಡಿದು ನಿವೃತ್ತನಾದೆ. ಈಗ ಅಡಿಕೆ ತೋಟ ನೋಡಿಕೊಳ್ಳುತ್ತೇನೆ. ಉಳಿದ ಹೊತ್ತೆಲ್ಲ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಕ್ಕಾಗಿ ಸ್ವಂತ ರೇಡಿಯೊದಲ್ಲಿ ಸುದ್ದಿ ಕಳಿಸುವುದು, ಹಿಡಿಯುವುದು. ಹೀಗೆ ಮಾಡುವವರನ್ನು ಹ್ಯಾಮ್ ಎನ್ನುತ್ತಾರೆ. ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡಿದ್ದೇನೆ. ನಮ್ಮ ತೋಟಕ್ಕೆ ನೀರು ಬರುವುದು ಅಜ್ಜ ತೋಡಿಸಿದ ಸುರಂಗದಿಂದ. ಘಟ್ಟದ ಮೇಲಿನ ಓದುಗರು ನೋಡಿರಲಿಕ್ಕಿಲ್ಲ, ಅವರಿಗಾಗಿ ಹೇಳುತ್ತೇನೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಗೆ ಅಡ್ಡಲಾಗಿ ಕೊರೆದ ಬಿಲ ಅದು. ಒಬ್ಬ ಆಳು ತಲೆ ಬಗ್ಗಿಸಿ ಹೋಗುವಷ್ಟು ಎತ್ತರ, ಎರಡು ಅಡಿಯಷ್ಟು ಅಗಲ. ಉದ್ದವನ್ನು ಇವತ್ತಿಗೂ ಕೋಲಿನ ಲೆಕ್ಕದಲ್ಲೇ ಹೇಳುತ್ತೇವೆ, ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ. ಕೊರೆಯುವವರು ಪಿಕ್ಕಾಸು ಹಿಡಿದು ಒಳಗೆ ಕೂತೇ ಕೆಲಸ ಮಾಡಬೇಕು. ಪಕ್ಕದಲ್ಲಿ ಒಂದು ಮೊಂಬತ್ತಿ. ಅದು ಮಂಕಾದರೆ ಗಾಳಿ ಸಾಲದು ಎಂದು ಅರ್ಥ, ಹೊರಗೆ ಬರಬೇಕು.

1987ರಲ್ಲಿ ನಮ್ಮ ಮನೆಯಿಂದ ಎರಡು ಗುಡ್ಡೆ ಆಚೆ ಒಂದು ಸುರಂಗ ಕುಸಿಯಿತು. ಮೆತ್ತಗಿನ ಸೇಡಿ ಮಣ್ಣು ಸಿಕ್ಕಿದ ಜಾಗ. ಒಳಗೆ ಒಬ್ಬರಿದ್ದರು. ಬಾಯಿಯ ಕಡೆಯಿಂದ ಮಣ್ಣು ತೆಗೆದಷ್ಟೂ ಮತ್ತೆ ಬೀಳುತ್ತಿತ್ತು. ಮೇಲಿನಿಂದ ಗುಂಡಿ ತೋಡಿ ಇಳಿಯೋಣ ಎಂದರು ಹಿರಿಯರು. ಎಲ್ಲಿ ತೋಡುವುದು? ಒಬ್ಬರು ಗೇರು ಮರದ ಹತ್ತಿರ ಎಂದರು, ಇನ್ನೊಬ್ಬರು ಅದಕ್ಕಿಂತ ಕೆಳಗೆ ಎಂದರು. ಅಂದಾಜಿನಲ್ಲಿ ತೋಡಿದ ಮೊದಲ ಗುಂಡಿ ನಾಲ್ಕು ಕೋಲು ತಪ್ಪಿತು. ನಾನೂ ಬುಟ್ಟಿ ಹೊತ್ತಿದ್ದೆ. ನೆಲಕ್ಕೆ ಕಿವಿ ಕೊಟ್ಟು ಮಲಗಿದ್ದೆ, ಏನೂ ಕೇಳಲಿಲ್ಲ. ಅವರು ಜೀವಂತ ಸಿಕ್ಕಿದ್ದು ನಮ್ಮ ಪುಣ್ಯ. ಆದರೆ ಆಮೇಲೆ ಅವರು ಸುರಂಗದ ಕೆಲಸಕ್ಕೆ ಹೋಗಲಿಲ್ಲ. ಒಳಗಿನಿಂದ ಕಲ್ಲು ಬಡಿದು ಬಡಿದು ಅವರ ಅಂಗೈ ಸುಲಿದಿತ್ತು. ಆ ಕೈ ನನ್ನ ಕಣ್ಣಿನ ಮುಂದೆ ಈಗಲೂ ಇದೆ.

ಈಗ ಎಲ್ಲರ ಕಿಸೆಯಲ್ಲೂ ಮೊಬೈಲ್ ಇದೆ ಅಲ್ವಾ ಎಂದು ಕೇಳಬಹುದು. ಸುರಂಗದೊಳಗೆ ಹತ್ತು ಹೆಜ್ಜೆ ಹೋಗಿ ನೋಡಿ. ಸಿಗ್ನಲ್ಲಿನ ಕಡ್ಡಿಗಳು ಒಂದೊಂದಾಗಿ ಹೋಗುತ್ತವೆ. ಪೊಲೀಸರು ಹಿಡಿಯುವ ವಾಕಿ ಟಾಕಿಯದ್ದೂ ಅದೇ ಪಾಡು. ಕಾರಣ ಸರಳ. ರೇಡಿಯೊ ಅಲೆ ಎಷ್ಟು ವೇಗವಾಗಿ ಅದುರುತ್ತದೋ ಅಷ್ಟು ಬೇಗ ಮಣ್ಣು ಅದನ್ನು ನುಂಗುತ್ತದೆ. ಅದುರುವ ಈ ವೇಗಕ್ಕೆ ಆವರ್ತನ ಎನ್ನುತ್ತಾರೆ. ಅದನ್ನು ನೂರು ಪಟ್ಟು ಇಳಿಸಿದರೆ ಅಲೆ ಹತ್ತು ಪಟ್ಟು ಆಳಕ್ಕೆ ಇಳಿಯುತ್ತದೆ. ಮೊಬೈಲ್ ಅದುರುವುದು ಸೆಕೆಂಡಿಗೆ ನೂರಾರು ಕೋಟಿ ಸಲದ ಹತ್ತಿರ. ಅದನ್ನು ಕೆಲವು ಸಾವಿರಕ್ಕೆ ಇಳಿಸಿದರೆ ಮುರಕಲ್ಲಿನ ಗುಡ್ಡೆ ಅದಕ್ಕೆ ಗಾಜಿನ ಹಾಗೆ.

ಇದನ್ನು ನಾನು ಕಂಡುಹಿಡಿದದ್ದಲ್ಲ. ಸಮುದ್ರದೊಳಗಿನ ಸಬ್‌ಮೆರಿನ್‌ಗಳಿಗೆ ನೌಕಾಪಡೆ ಸುದ್ದಿ ಕಳಿಸುವುದು ಹೀಗೆಯೇ. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣದಲ್ಲಿ ಐಎನ್‌ಎಸ್ ಕಟ್ಟಬೊಮ್ಮನ್ ಎಂಬ ನೌಕಾಪಡೆಯ ರೇಡಿಯೊ ಕೇಂದ್ರ ಇದೆ. 1990ರಿಂದ ಅಲ್ಲಿ ದೊಡ್ಡ ಟವರುಗಳು ಈ ಕೆಲಸ ಮಾಡುತ್ತಿವೆ. ಅದರ 18.2 ಕಿಲೋಹರ್ಟ್ಸ್ (ಸೆಕೆಂಡಿಗೆ 18,200 ಸಲ ಅದುರುವ) ಸಿಗ್ನಲ್ ಸುಮಾರು 550 ಕಿ.ಮೀ. ದಾಟಿ ನಮ್ಮ ಜಗಲಿಗೆ ಬರುತ್ತದೆ. ಹಿಡಿಯಲು ದುಬಾರಿ ರೇಡಿಯೊ ಬೇಕಿಲ್ಲ. ಮರದ ಚೌಕಟ್ಟಿಗೆ ತಂತಿ ಸುತ್ತಿ, ಸಣ್ಣದೊಂದು ಆಂಪ್ಲಿಫೈಯರ್ ಸೇರಿಸಿ, ಲ್ಯಾಪ್‌ಟಾಪಿನ ಮೈಕ್ ತೂತಿಗೆ ಕೊಟ್ಟರೆ ಸಾಕು. ಅವರು ಏನು ಹೇಳುತ್ತಾರೆ ಎಂದು ನಮಗೆ ತಿಳಿಯುವುದಿಲ್ಲ, ತಿಳಿಯಲೂಬಾರದು. ಲ್ಯಾಪ್‌ಟಾಪಿನ ಪರದೆಯ ಮೇಲೆ ಗೆರೆಯಾಗಿ ಕಾಣುವ ಸಿಗ್ನಲ್ಲಿನ ಬಲ ಮಾತ್ರ ನೋಡುತ್ತಾ ಕೂರಬಹುದು. 2019ರ ಡಿಸೆಂಬರ್ 26ರಂದು ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಜನ ಕಂಕಣ ಗ್ರಹಣ ನೋಡುತ್ತಿದ್ದಾಗ ನಾನು ಈ ಗೆರೆಯನ್ನು ನೋಡುತ್ತಿದ್ದೆ. ಸೂರ್ಯ ಮರೆಯಾದಂತೆ ಗೆರೆ ತನ್ನ ಜಾಗ ಬಿಟ್ಟಿತು, ಗ್ರಹಣ ಬಿಟ್ಟ ಮೇಲೆ ನಿಧಾನಕ್ಕೆ ವಾಪಸ್ ಬಂತು. ಇಂಥ ಅಲೆಗಳನ್ನು ಹಿಡಿದಿಡುವ ಮೇಲಿನ ಗಾಳಿಯ ಪದರಕ್ಕೆ ಬಿಸಿಲೇ ಜೀವ. ಅವತ್ತು ಬೆಳಿಗ್ಗೆ ಕೈಯ ರೋಮ ಎದ್ದು ನಿಂತಿತ್ತು.

ಒಂದು ದಿನ ಅದೇ ಚೌಕಟ್ಟನ್ನು ಹಿಡಿದು ಸುರಂಗದೊಳಗೆ ಹೋದೆ. ಮೊಬೈಲ್ ಸತ್ತಿತ್ತು. ಎಫ್‌ಎಂ ಸತ್ತಿತ್ತು. ತಿರುನೆಲ್ವೇಲಿಯ ಸಿಗ್ನಲ್ ಮಾತ್ರ ಇತ್ತು! 1987ರ ಆ ಗುಂಡಿ ಆಗ ನೆನಪಾಯಿತು. ಹೊರಗಿನಿಂದ ಒಳಗೆ ಬರುವುದಾದರೆ ಒಳಗಿನಿಂದ ಹೊರಗೂ ಹೋಗಬೇಕಲ್ಲ.

ಮಾಡಿದ್ದು ಇಷ್ಟು. ಬೆತ್ತವನ್ನು ಬಗ್ಗಿಸಿ ಎರಡಡಿಗೆ ಸ್ವಲ್ಪ ಕಡಿಮೆ ಅಗಲದ ಬಳೆ ಮಾಡಿದೆ. ಅದಕ್ಕೆ ಮೋಟಾರ್ ರಿವೈಂಡಿಂಗ್‌ನವರ ಹತ್ತಿರ ಸಿಗುವ ತಾಮ್ರದ ತಂತಿ 100 ಸುತ್ತು. ಮೊದಲು ಹಳೆಯ ಸೈಕಲ್ ರಿಮ್ಮಿಗೆ ಸುತ್ತಿದ್ದೆ, ಕೆಲಸ ಮಾಡಲಿಲ್ಲ. ರಿಮ್ಮೇ ಒಂದು ಮುಚ್ಚಿದ ಸುತ್ತಾಗಿ ಎಲ್ಲ ಬಲವನ್ನೂ ತಿಂದುಬಿಡುತ್ತಿತ್ತು. ಬೆತ್ತದಲ್ಲಿ ಆ ತೊಂದರೆ ಇಲ್ಲ. ಜೊತೆಗೆ ಒಂದು ಕೆಪಾಸಿಟರ್, 12 ವೋಲ್ಟಿನ ಬೈಕ್ ಬ್ಯಾಟರಿ, ಸದ್ದು ಹುಟ್ಟಿಸುವ ಸಣ್ಣ ಬೋರ್ಡ್. ಆವರ್ತನ 3,525 ಹರ್ಟ್ಸ್. ಇದೇ ಅಂಕೆ ಯಾಕೆ ಎಂದರೆ, ತೋಟದ ಪಂಪು, ಲೈಟು, ಕಂಬದ ಮೇಲಿನ ಲೈನು ಎಲ್ಲದರ ಗುಂಯ್‌ಗುಡುವಿಕೆ 50ರ ಮಗ್ಗಿಯಲ್ಲಿ ಬರುತ್ತದೆ. 3,500ರಲ್ಲಿ ಗಲಾಟೆ, 3,550ರಲ್ಲಿ ಗಲಾಟೆ. ನಡುವಿನಲ್ಲಿ ಒಂದು ಸಣ್ಣ ಓಣಿ ಖಾಲಿ. ಆ ಓಣಿಯಲ್ಲಿ ನಮ್ಮ ಸದ್ದನ್ನು ಬಿಟ್ಟೆವು.

ನಮ್ಮಲ್ಲಿ ಸುರಂಗದ ಕೆಲಸಕ್ಕೆ ಬರುವ ಅಣ್ಣನಿಗೆ ಈಗ ಅರವತ್ತು ದಾಟಿದೆ. ಅವರು ಬಳೆಯನ್ನು ಒಳಗೆ ತೆಗೆದುಕೊಂಡು ಹೋಗಿ ಎಲ್ಲೋ ಒಂದು ಕಡೆ ನೆಲದ ಮೇಲೆ ಸಮಕ್ಕೆ ಇಟ್ಟು ಬಂದರು. ಎಲ್ಲಿ ಎಂದು ನನಗೆ ಹೇಳಬಾರದು ಎಂಬುದು ನಮ್ಮ ಕರಾರು. ನಾನು ಗುಡ್ಡೆಯ ಮೇಲೆ ಇನ್ನೊಂದು ಸಣ್ಣ ಸುರುಳಿ ಹಿಡಿದು, ಹೆಡ್‌ಫೋನ್ ಹಾಕಿ ನಡೆಯಲು ಶುರು ಮಾಡಿದೆ. ಸಣ್ಣಗೆ ಪೀ, ಪೀ ಎಂದು ಕೇಳಿತು. ಸುರುಳಿಯನ್ನು ನೆಟ್ಟಗೆ ನಿಲ್ಲಿಸಿ ತಿರುಗಿಸಿದರೆ ಒಂದು ದಿಕ್ಕಿನಲ್ಲಿ ಸದ್ದು ಜಾಸ್ತಿ, ಇನ್ನೊಂದರಲ್ಲಿ ಮಾಯ. ಜಾಸ್ತಿ ಇರುವ ಗೆರೆ ಹಿಡಿದು ನಡೆಯುತ್ತಾ ಹೋದೆ. ಹುಲ್ಲು, ಮುಳ್ಳು, ಒಂದು ಒಣಗಿದ ಗೇರು ಮರ. ಸದ್ದು ಜೋರಾಗುತ್ತಾ ಬಂದು ಒಂದು ಜಾಗದಲ್ಲಿ ಫಕ್ಕನೆ ನಿಂತುಹೋಯಿತು. ಸುರುಳಿಯನ್ನು ಯಾವ ಕಡೆ ತಿರುಗಿಸಿದರೂ ಸದ್ದಿಲ್ಲ. ಒಂದು ಹೆಜ್ಜೆ ಆಚೆ ಇಟ್ಟರೆ ಮತ್ತೆ ಪೀ. ಬಳೆಯ ನೇರ ಮೇಲೆ ಅದರ ಬಲದ ಗೆರೆಗಳು ಬುಗ್ಗೆಯ ಹಾಗೆ ನೆಟ್ಟಗೆ ಮೇಲಕ್ಕೆ ಏಳುತ್ತವೆ. ನೆಟ್ಟಗೆ ನಿಲ್ಲಿಸಿದ ಸುರುಳಿಯ ಹೊಟ್ಟೆಯೊಳಗೆ ಅವು ಹಾಯುವುದಿಲ್ಲ. ಅದಕ್ಕೇ ಆ ಮೌನ. ನಾನು ಹುಡುಕುತ್ತಿದ್ದದ್ದು ಅದನ್ನೇ. ಅಲ್ಲಿ ಗೂಟ ಹೊಡೆದೆ.

ನಮ್ಮ ಸುರಂಗಕ್ಕೆ ಗಾಳಿಗೆಂದು ಮೇಲಿನಿಂದ ತೋಡಿದ ಹಳೆಯ ಗುಂಡಿ ಒಂದಿದೆ. ಅಲ್ಲಿಂದ ಒಳಗೂ ಹಗ್ಗ ಹಿಡಿದು ಅಳೆದೆವು, ಮೇಲೂ ಅಳೆದೆವು. ನನ್ನ ಗೂಟಕ್ಕೂ ಬಳೆಯ ನಡುವಿಗೂ ಒಂದೂವರೆ ಅಡಿ ವ್ಯತ್ಯಾಸ. ನಡುವೆ ಇಪ್ಪತ್ತು ಕೋಲು ದಪ್ಪದ ಮುರಕಲ್ಲು. ಅಣ್ಣ ಗೂಟವನ್ನೇ ಸ್ವಲ್ಪ ಹೊತ್ತು ನೋಡಿದರು. "ಅವತ್ತು ಇದು ಇದ್ದಿದ್ದರೆ" ಎಂದರು. ಅಷ್ಟೇ.

ಆಮೇಲೆ ಮಾತು ಕಳಿಸುವ ಪ್ರಯತ್ನ. ಮನೆ ವೈರಿಂಗಿನ 90 ಮೀಟರ್ ವೈರ್ ಎರಡು ಕಾಯಿಲ್ ತಂದು ಗುಡ್ಡೆಯ ಮೇಲೆ ದೊಡ್ಡ ವೃತ್ತದಲ್ಲಿ ಐದು ಸುತ್ತು ಹಾಸಿದೆ. ಭಜನಾ ಮಂದಿರದ ಹಳೆಯ ಆಂಪ್ಲಿಫೈಯರನ್ನು ಬ್ಯಾಟರಿಗೆ ಹಾಕಿ, ಸ್ಪೀಕರಿನ ಬದಲು ಈ ವೈರನ್ನು ಕೊಟ್ಟೆ. ಕಿವಿ ಮಂದ ಇರುವವರಿಗಾಗಿ ಕೆಲವು ಸಭಾಂಗಣಗಳಲ್ಲಿ ನೆಲದಡಿ ತಂತಿ ಹಾಸಿ ಭಾಷಣ ಕೇಳಿಸುತ್ತಾರಲ್ಲ, ಅದೇ ಕ್ರಮ. ಒಳಗೆ ಅಣ್ಣನ ಕೈಯಲ್ಲಿ ಒಂದು ಸುರುಳಿ, ಹೆಡ್‌ಫೋನ್. ಪಂಪು ಓಡುತ್ತಿರುವಷ್ಟು ಹೊತ್ತು ಬರೀ ಗುಂಯ್ ಎಂದರು. ಒಂಬತ್ತೂವರೆಗೆ ಕರೆಂಟು ಹೋಯಿತು. ಮೈಕಿನಲ್ಲಿ ನಾನು ಮತ್ತೊಮ್ಮೆ ಕರೆದೆ. ಸುರಂಗದ ಬಾಯಿಗೆ ಅವರೇ ಓಡಿ ಬಂದು ಕೂಗಿದರು: "ಕೇನುಂಡು ಅಣ್ಣೆರೇ, ಕೇನುಂಡು!" ಕೇಳುತ್ತದೆ ಎಂದು ತುಳುವಿನಲ್ಲಿ. ಮಡಕೆಯೊಳಗಿಂದ ಮಾತಾಡಿದ ಹಾಗೆ ಕೇಳಿತಂತೆ. ಆದರೆ ಮಾತು ಮಾತೇ.

ಹವ್ಯಾಸಿಗಳು ಇಂಥದ್ದನ್ನು ಮಾಡುವುದು ಸುಮ್ನೆ ಕಾಲಹರಣಕ್ಕಲ್ಲ. ಇಂಗ್ಲೆಂಡಿನ ಗುಹೆ ರಕ್ಷಣಾ ತಂಡಗಳು ಬಳಸುವ ಹೇಫೋನ್ ಎಂಬ ಸೆಟ್ಟನ್ನು ವಿನ್ಯಾಸ ಮಾಡಿದ ಜಾನ್ ಹೇ ಒಬ್ಬ ಹ್ಯಾಮ್. ಅದು ಕೆಲಸ ಮಾಡುವುದು 87 ಕಿಲೋಹರ್ಟ್ಸ್‌ನಲ್ಲಿ. 2018ರಲ್ಲಿ ಥಾಯ್ಲೆಂಡಿನ ಗುಹೆಯಲ್ಲಿ 12 ಹುಡುಗರು ಮತ್ತು ಅವರ ಕೋಚ್ ಸಿಕ್ಕಿಹಾಕಿಕೊಂಡಾಗ ಈ ಸೆಟ್ಟುಗಳನ್ನು ಅಲ್ಲಿಗೆ ತಲುಪಿಸಿದ್ದರು. 2023ರಲ್ಲಿ ಉತ್ತರಕಾಶಿಯ ಸಿಲ್ಕ್ಯಾರಾ ಸುರಂಗದಲ್ಲಿ 41 ಕೆಲಸಗಾರರು 17 ದಿನ ಕಳೆದರು. ಅಲ್ಲಿ ಒಂದು ಪೈಪು ಉಳಿದಿತ್ತು, ಅದರ ಮೂಲಕ ಮಾತು ಹೋಯಿತು. ನಮ್ಮ ಗುಡ್ಡೆಗಳಲ್ಲಿ ಪೈಪು ಎಲ್ಲಿಂದ ಬರಬೇಕು?

ಇನ್ನು ಅನುಮತಿಯ ವಿಷಯ. ರೇಡಿಯೊ ಆವರ್ತನಗಳನ್ನು ಯಾರಿಗೆ ಯಾವುದು ಎಂದು ಹಂಚಿದ ಅಂತಾರಾಷ್ಟ್ರೀಯ ಪಟ್ಟಿ ಶುರುವಾಗುವುದೇ 8.3 ಕಿಲೋಹರ್ಟ್ಸ್‌ನಿಂದ. ಅದರ ಕೆಳಗಿನ ಜಾಗವನ್ನು ಯಾರಿಗೂ ಕೊಟ್ಟಿಲ್ಲ. ಬೇರೆ ದೇಶಗಳ ಹ್ಯಾಮ್‌ಗಳು ಅಲ್ಲಿ ಬಹಳ ಕೆಲಸ ಮಾಡಿದ್ದಾರೆ. 2010ರಲ್ಲಿ, ಪಟ್ಟಿ ಇನ್ನೂ 9 ಕಿಲೋಹರ್ಟ್ಸ್‌ನಿಂದ ಶುರುವಾಗುತ್ತಿದ್ದಾಗ, ಜರ್ಮನಿಯ ಒಬ್ಬರು ಗಾಳಿಪಟಕ್ಕೆ ತಂತಿ ಕಟ್ಟಿ ಹಾರಿಸಿ ಅದಕ್ಕೆ ಸ್ವಲ್ಪವೇ ಕೆಳಗೆ ಸಿಗ್ನಲ್ ಕಳಿಸಿದರು. ಈಗ ಹೆಚ್ಚಾಗಿ ಬಳಸುವುದು 8.27. ಅಲ್ಲಿ ಒಂದೇ ಒಂದು ಅಲೆಯ ಉದ್ದ 36 ಕಿ.ಮೀ., ಹೆಚ್ಚು ಕಡಿಮೆ ಕಾಸರಗೋಡು ಪೇಟೆಯಿಂದ ತಲಪಾಡಿ ಗಡಿಯಷ್ಟು. ಅಷ್ಟುದ್ದದ ಅಲೆಯ ಮುಂದೆ ನಮ್ಮ ತೆಂಗಿನ ಮರದೆತ್ತರದ ಆಂಟೆನಾ ಏನೇನೂ ಅಲ್ಲ. 100 ವಾಟ್ ಕೊಟ್ಟರೂ ಆಕಾಶಕ್ಕೆ ಹೋಗುವುದು ಕೆಲವು ಮೈಕ್ರೋವಾಟ್ ಮಾತ್ರ. ಯಾರಿಗೂ ತೊಂದರೆ ಕೊಡುವ ಶಕ್ತಿ ಅದಕ್ಕಿಲ್ಲ. ಆದರೂ ಇಂಗ್ಲೆಂಡಿನಲ್ಲಿ ಹ್ಯಾಮ್‌ಗಳು ಕೇಳಿದರು, ಕೇಳಿದವರಿಗೆ ಪ್ರತ್ಯೇಕ ಪತ್ರ ಕೊಟ್ಟರು. ನಮ್ಮ ಲೈಸೆನ್ಸಿನಲ್ಲಿ ಈ ಜಾಗದ ಹೆಸರೇ ಇಲ್ಲ. ನಮಗೂ ಅಂಥ ಒಂದು ಪತ್ರ ಬೇಕು. ಗುಡ್ಡೆಯಿಂದ ಗುಡ್ಡೆಗೆ, ಮಳೆಗಾಲದ ಒದ್ದೆ ಮಣ್ಣಿನಲ್ಲಿ, ಬೇಸಿಗೆಯ ಒಣ ಮಣ್ಣಿನಲ್ಲಿ ಎಷ್ಟೆಷ್ಟು ದೂರ ಹೋಗುತ್ತದೆ ಎಂದು ಅಳೆದು ಬರೆದಿಡಬೇಕು. ಅದನ್ನು ಹೆದರಿಕೆ ಇಲ್ಲದೆ, ಹೆಸರು ಹಾಕಿ ಮಾಡುವಂತಾಗಬೇಕು.

ಎರಡನೆಯದು ಅದಕ್ಕಿಂತ ತುರ್ತು. ಸುರಂಗ ಜಾಸ್ತಿ ಇರುವ ಪೈವಳಿಕೆ, ಎಣ್ಮಕಜೆ, ಬದಿಯಡ್ಕದಂಥ ಪಂಚಾಯತುಗಳಲ್ಲಿ ಇಂಥ ಬಳೆ ಮತ್ತು ಸುರುಳಿ ಒಂದೊಂದು ಜೊತೆ ಇರಬೇಕು. ಬ್ಯಾಟರಿ ಸೇರಿದರೂ ಒಂದು ಸಾಧಾರಣ ಮೊಬೈಲಿನಷ್ಟು ಖರ್ಚಿಲ್ಲ. ಕೊರೆಯಲು, ಕೆಸರು ತೆಗೆಯಲು ಒಳಗೆ ಹೋಗುವವರು ಬಳೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಲಿ. ಗಾಳಿಗುಂಡಿ ಎಲ್ಲಿ ತೋಡಬೇಕು ಎಂದು ಗುರುತು ಮಾಡಲಿಕ್ಕೂ ಇದೇ ಸಾಕು. ಹಾಗಾಗಿ ಅದು ಮೂಲೆಯಲ್ಲಿ ತುಕ್ಕು ಹಿಡಿಯುವ ವಸ್ತು ಆಗುವುದಿಲ್ಲ. ಬಳಸುವ ಕ್ರಮವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಜೊತೆಗೆ ಅಂಟಿಸಬೇಕು. ಈ ಕೆಲಸ ಮಾಡುವವರು ತುಳು ಆಡುತ್ತಾರೆ, ಕನ್ನಡ ಓದುತ್ತಾರೆ. ಕಷ್ಟದ ಹೊತ್ತಿನಲ್ಲಿ ಅವರು ಬೇರೆ ಭಾಷೆಯ ಹಾಳೆ ಹಿಡಿದು ಕೂರಬಾರದು. ಹಾಳೆಯನ್ನು ನಾನೇ ಬರೆದುಕೊಡುತ್ತೇನೆ, ಮೊದಲ ಎರಡು ಜೊತೆಯನ್ನೂ ನಾನೇ ಸುತ್ತಿ ಕೊಡುತ್ತೇನೆ.

ಬರುವ ಜನವರಿಯಲ್ಲಿ, ಸುರಂಗದೊಳಗೆ ನೀರು ಸ್ವಲ್ಪ ತಗ್ಗಿದ ಮೇಲೆ, ನಾವು ಮತ್ತೊಮ್ಮೆ ಪ್ರಯೋಗ ಮಾಡುವವರಿದ್ದೇವೆ. ಅಗ್ನಿಶಾಮಕ ದಳದವರು, ಪಂಚಾಯತ್ ಸದಸ್ಯರು, ಎಂಜಿನಿಯರಿಂಗ್ ಓದುವ ಮಕ್ಕಳು ಯಾರು ಬಂದರೂ ಸಂತೋಷ. ಪತ್ರಿಕೆಯ ಮೂಲಕ ತಿಳಿಸಿದರೆ ದಾರಿ ಹೇಳುತ್ತೇನೆ. ಬರುವವರು ಹೆಡ್‌ಫೋನ್ ತನ್ನಿ, ಗುಡ್ಡೆ ಹತ್ತಲು ಆಗುವಂಥ ಚಪ್ಪಲಿ ಹಾಕಿ ಬನ್ನಿ. ಬೆಳಿಗ್ಗೆ ಏಳಕ್ಕೆ ಮೊದಲೇ ತಲುಪಿ. ತೋಟದ ಪಂಪುಗಳು ಶುರುವಾದ ಮೇಲೆ ಏನೂ ಕೇಳುವುದಿಲ್ಲ.

ಇತಿ,
ಒಬ್ಬ ಅಡಿಕೆ ಕೃಷಿಕ, ಹವ್ಯಾಸಿ ರೇಡಿಯೊ ಆಪರೇಟರ್
ಬಾಯಾರು, ಕಾಸರಗೋಡು ಜಿಲ್ಲೆ