ಹೂವು ಉದುರುವವರೆಗೆ ಔಷಧಿ ಹೊಡೆಯಬೇಡಿ

ಮಾನ್ಯರೇ,

ಕೊಡಗಿನಲ್ಲಿ ಈಗ ರೋಬಸ್ಟಾ ಕಾಫಿ ಹೂವಿನ ಸಮಯ. ಕೆಲವರಿಗೆ ಮೊಗ್ಗು ಅರಳಿಸುವ ಹೂಮಳೆ ಸಿಕ್ಕಿದೆ, ಉಳಿದವರು ಸ್ಪ್ರಿಂಕ್ಲರ್ ಹಾಕಿದ್ದಾರೆ. ಇದೇ ಹೊತ್ತಿಗೆ ಗಿಡದ ರಸ ಹೀರುವ ಹಿಟ್ಟು ತಿಗಣೆ ಬಂತೆಂದು ಅರಳಿದ ಹೂವಿನ ಮೇಲೇ ಕೀಟನಾಶಕ ಹೊಡೆಯುವುದನ್ನು ನಮ್ಮ ಸುಂಟಿಕೊಪ್ಪದ ಕಡೆ ಕಂಡೆ. ಹೊಟ್ಟೆ ಉರಿಯಿತು.

ಒಂದು ಹೂವನ್ನು ಕಿತ್ತು ನೋಡಿ. ತೊಟ್ಟಿನ ಸಮೇತ ಕೀಳಿ, ಇಲ್ಲದಿದ್ದರೆ ಎಸಳಿನ ಕೊಳವೆ ಮಾತ್ರ ಕೈಗೆ ಬರುತ್ತದೆ. ಆ ಕೊಳವೆಯ ಬಾಯಲ್ಲಿ, ಎಸಳುಗಳ ನಡುವೆ ಅಂಟಿಕೊಂಡಿರುವುದು ಪುಂಕೇಸರಗಳು. ಬೆರಳು ತಾಗಿಸಿದರೆ ಪರಾಗದ ಪುಡಿ ಹತ್ತುತ್ತದೆ. ನಡುವಿನಿಂದ ಉದ್ದಕ್ಕೆ ಹೊರಬಂದು ತುದಿಯಲ್ಲಿ ಎರಡಾಗಿ ಸೀಳಿರುವ ಎಳೆಯೇ ಶಲಾಕೆ. ಬುಡದ ಪುಟ್ಟ ಹಸಿರು ಗಂಟೇ ಅಂಡಾಶಯ. ಅದರೊಳಗೆ ಎರಡು ಕೋಣೆ, ಕೋಣೆಗೊಂದು ಅಂಡಕ. ಎರಡೂ ಬಲಿತರೆ ಹಣ್ಣಿನಲ್ಲಿ ಎರಡು ಬೀಜ. ಒಂದೇ ಬಲಿತರೆ ದುಂಡಗಿನ ಪೀಬೆರಿ.

ಪರಾಗ ಪಕ್ಕದಲ್ಲೇ ಇದೆ, ಉದುರಿದರೆ ಸಾಕು ಅಲ್ವಾ ಅನ್ನಿಸಬಹುದು. ಕಾಫಿಯ ಇನ್ನೊಂದು ಜಾತಿಯಾದ ಅರೇಬಿಕಾಕ್ಕೆ ಸಾಕು. ರೋಬಸ್ಟಾಕ್ಕೆ ಸಾಲದು. ತನ್ನದೇ ಗಿಡದ ಪರಾಗ ಶಲಾಕೆಯ ಮೇಲೆ ಬಿದ್ದರೂ ಅದರಿಂದ ಮೊಳೆಯುವ ನಳಿಕೆ ಅಂಡಕದವರೆಗೆ ಇಳಿಯಲು ರೋಬಸ್ಟಾ ಬಿಡುವುದಿಲ್ಲ. ಬೇರೆ ಗಿಡದ್ದೇ ಬರಬೇಕು. ಒಂದೇ ತಾಯಿಗಿಡದ ಕಡ್ಡಿಯಿಂದ ಮಾಡಿದ ಸಸಿಗಳಾದರೆ ಸಾಲು ಸಾಲಾಗಿ ನೆಟ್ಟರೂ ಒಂದಕ್ಕೊಂದು ಉಪಯೋಗವಿಲ್ಲ. ಗಾಳಿಯೂ ಪರಾಗ ತರುತ್ತದೆ, ನಿಜ. ಆದರೆ ಹೆಜ್ಜೇನು, ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಚೆನ್ನಾಗಿ ಓಡಾಡಿದ ತೋಟದಲ್ಲಿ ಕಾಯಿ ಜಾಸ್ತಿ ಕಚ್ಚುತ್ತದೆ. ಹೂವು ಇರುವುದೇ ಎರಡು ಮೂರು ದಿನ. ಆ ದಿನಗಳಲ್ಲೇ ಔಷಧಿಗೆ ಜೇನು ಸತ್ತರೆ ಏನು ಮಾಡುವುದು?

ತುಡುವೆ ಮೊದಲೇ ಪೆಟ್ಟು ತಿಂದಿದೆ. 1990ರ ದಶಕದ ಆರಂಭದಲ್ಲಿ ಜೇನಿನ ಮರಿಹುಳು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದಲ್ಲಿ ಪೆಟ್ಟಿಗೆಗಟ್ಟಲೆ ಹುಳು ಸತ್ತವು. ನಮ್ಮ ಮನೆ ಹಿಂದಿನ ಪೆಟ್ಟಿಗೆಗಳೂ ಆಗಲೇ ಬರಿದಾದವು.

ಹೆಜ್ಜೇನಿಗೆ ಬೆಂಕಿ ಇಡುವುದೂ ನಿಲ್ಲಬೇಕು. ಕೆಲಸದವರ ಭಯ ಸುಮ್ನೆ ಅಲ್ಲ, ಹೆಜ್ಜೇನು ಕಡಿದು ಜೀವ ಹೋಗುವುದುಂಟು. ಹಾಗಾಗಿ ಗೂಡಿರುವ ಮರದ ಸುತ್ತ ಕಳೆ ಕಡಿಯುವುದು, ಮರಗಸಿ (ನೆರಳು ಮರದ ಕೊಂಬೆ ಸವರುವುದು) ಮಾಡಿಸುವುದು ಸದ್ಯಕ್ಕೆ ಬೇಡ. ತಿಗಣೆಗೆ ಔಷಧಿ ಬೇಕೇ ಬೇಕೆಂದರೆ ಹೂವು ಉದುರಿದ ಮೇಲೆ, ತಿಗಣೆ ಹತ್ತಿದ ಗಿಡಗಳಿಗೆ ಮಾತ್ರ ಹೊಡೆಯಿರಿ. ಹೊಡೆಯುವ ಮುಂಚೆ ಪಕ್ಕದ ತೋಟದವರಿಗೂ ಒಂದು ಮಾತು ಹೇಳಿ. ನಿಮ್ಮಲ್ಲಿ ಹೂವು ಮುಗಿದಿದ್ದರೂ ಅವರಲ್ಲಿ ಆಗಷ್ಟೇ ಅರಳಿರಬಹುದು.

– ಕಾಫಿ ಬೆಳೆಗಾರ್ತಿ, ಸುಂಟಿಕೊಪ್ಪ