18 ದಾಟಿದ ಮೇಲೆ ಆ ಹೃದಯದ ಲೆಕ್ಕ ಯಾರ ಬಳಿ?

ಮಾನ್ಯರೇ,

ಬಡ ಮಕ್ಕಳಿಗೆ ಹೃದಯ ಶಸ್ತ್ರಚಿಕಿತ್ಸೆಯಾದ ಸುದ್ದಿಯ ಜೊತೆ ಮಗುವನ್ನು ಎತ್ತಿಕೊಂಡ ತಾಯಿಯ ಚಿತ್ರ ಬರುತ್ತದೆ. 2003ರಲ್ಲಿ ನಾನೂ ಹಾಗೆಯೇ ಬೆಂಗಳೂರಿನಿಂದ ಮಗನನ್ನು ಎತ್ತಿಕೊಂಡು ಬಂದವಳು. ಅಲ್ಲಿಂದ ಮುಂದಿನದು ಸುದ್ದಿಯಾಗುವುದಿಲ್ಲ.

ಅವನಿಗಾಗ 4 ವರ್ಷ. ನಾಲ್ಕು ಹೆಜ್ಜೆ ಓಡಿದರೆ ಕುಕ್ಕರಗಾಲಿನಲ್ಲಿ ಕೂತುಬಿಡುತ್ತಿದ್ದ. ತುಟಿ, ಉಗುರು ನೇರಳೆ ಹಣ್ಣಿನ ಬಣ್ಣ. ಹಟವೆಂದು ಗದರಿದ್ದೇನೆ. ಹಾಗೆ ಕೂತಾಗ ಶ್ವಾಸಕೋಶಕ್ಕೆ ಒಂದಿಷ್ಟು ಹೆಚ್ಚು ರಕ್ತ ಹೋಗುತ್ತದೆ, ಅದು ಮಗು ತಾನೇ ಕಂಡುಕೊಂಡ ಉಪಾಯ ಎಂದು ವೈದ್ಯರು ಹೇಳಿದ ದಿನ ನನಗೆ ಊಟ ಸೇರಲಿಲ್ಲ. ಕಾಯಿಲೆಯ ಹೆಸರು ಟೆಟ್ರಾಲಜಿ ಆಫ್ ಫ್ಯಾಲೋ, ಹುಟ್ಟಿನಿಂದಲೇ ಇರುವ ಹೃದಯದ ದೋಷ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ರಂಧ್ರವನ್ನು ಮುಚ್ಚಿದರು. ಶ್ವಾಸಕೋಶದ ಕಡೆಯ ಕವಾಟದ ಬಾಯಿ ತೀರಾ ಕಿರಿದಾಗಿದ್ದರಿಂದ ಅದನ್ನು ಸೀಳಿ, ತೇಪೆ ಹಾಕಿ ಅಗಲ ಮಾಡಿದರು. ಮಗ ಕೆಂಪಗಾದ, ಕಬಡ್ಡಿ ಆಡಿದ. ಕೆಲವು ವರ್ಷ ತಪಾಸಣೆಗೆ ಹೋದೆವು, ಆಮೇಲೆ ಬಿಟ್ಟೆವು.

ಕಳೆದ ವರ್ಷ ನೀರಿನ ಕ್ಯಾನ್ ಹೊತ್ತು ಮಹಡಿ ಹತ್ತುವಾಗ ಅರ್ಧಕ್ಕೇ ಕೂತ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದರೆ ಹೃದಯದ ಬಲಗಡೆಯ ಕೋಣೆ ಹಿಗ್ಗಿದೆ! ಸೀಳಿದ ಕವಾಟ ಸೋರುವುದು ಸಹಜವಂತೆ. ಸೋರಿಕೆ ಎಷ್ಟೋ ವರ್ಷ ಸದ್ದಿಲ್ಲದೆ ಇರುತ್ತದೆ. ಕೋಣೆ ಮಿತಿಮೀರಿ ಹಿಗ್ಗುವ ಮೊದಲೇ ಹೊಸ ಕವಾಟ ಹಾಕಬೇಕು. ಟ್ರಂಕಿನಲ್ಲಿದ್ದ ಹಳೆಯ ಕಡತ ತೆಗೆದರೆ ‘ಟ್ರಾನ್ಸ್‌ಆ್ಯನ್ಯುಲರ್ ಪ್ಯಾಚ್’, ಅಂದರೆ ಕವಾಟದ ಬಾಯಿಯನ್ನೇ ಸೀಳಿ ಹಾಕಿದ ತೇಪೆ, ಎಂಬ ಮಾತು ಇಂಗ್ಲಿಷಿನಲ್ಲಿ ಅಲ್ಲೇ ಇತ್ತು. ಶಸ್ತ್ರವೈದ್ಯರನ್ನು ನಾನು ದೂರುವುದಿಲ್ಲ, ಮಗ ಬದುಕಿದ್ದು ಆ ತೇಪೆಯಿಂದಲೇ. ಅದರ ಅರ್ಥವನ್ನು ನಮಗೆ ಯಾರೂ ಬಿಡಿಸಿ ಹೇಳಲಿಲ್ಲ, ಅಷ್ಟೇ.

ನಾನು ಅಂಗನವಾಡಿ ಕಾರ್ಯಕರ್ತೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ನಮ್ಮ ಕೇಂದ್ರಕ್ಕೂ ಬರುತ್ತದೆ, ಮಕ್ಕಳ ಎದೆಗೆ ಸ್ಟೆತಾಸ್ಕೋಪ್ ಇಡುತ್ತದೆ. ಒಳ್ಳೆಯ ಕೆಲಸ, ನನ್ನ ಮಗನ ಕಾಲಕ್ಕೆ ಇದು ಇರಲಿಲ್ಲ. ಆದರೆ ಅದು 18 ವರ್ಷದವರೆಗೆ ಮಾತ್ರ. ತೇಪೆ ಹಾಕಿದ ಹೃದಯ ತೊಂದರೆ ಕೊಡುವುದು ಹೆಚ್ಚಾಗಿ ಆಮೇಲೆಯೇ.

ಆರೋಗ್ಯ ಇಲಾಖೆಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಬಿಡುಗಡೆ ಚೀಟಿಯ ಜೊತೆ ಕನ್ನಡದಲ್ಲಿ ಒಂದು ಹಾಳೆ ಕೊಡಲಿ: ಏನು ಮಾಡಿದ್ದಾರೆ, ಏನು ಉಳಿದಿದೆ, ಎಷ್ಟು ವರ್ಷಕ್ಕೊಮ್ಮೆ ಎಕೋ ಮಾಡಿಸಬೇಕು. ಬೆಳೆದು ದೊಡ್ಡವರಾದ ಇಂಥವರಿಗಾಗಿ ಜಿಲ್ಲಾಸ್ಪತ್ರೆಯಲ್ಲಿ ತಿಂಗಳಿಗೊಂದು ದಿನ ಗೊತ್ತುಮಾಡಲಿ.

ಮುಂದಿನ ತಿಂಗಳು ಮಗನಿಗೆ ಕವಾಟ ಹಾಕುತ್ತಾರೆ. ಈ ಸಲ ಚೀಟಿಯನ್ನು ಅಲ್ಲೇ ಕೂತು, ಸಾಲು ಸಾಲಾಗಿ ಓದಿಸಿಕೊಂಡೇ ಬರುತ್ತೇನೆ.

– ಒಬ್ಬ ಅಂಗನವಾಡಿ ಕಾರ್ಯಕರ್ತೆ, ತರೀಕೆರೆ ತಾಲ್ಲೂಕು