ಸೀರೆ ಯಾವ ಮಿಲ್ಲಿನದು ಎಂದು ಕೇಳಿದವಳಿಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು. (ದೇವರನ್ನೇ ನಂಬದವನ ಆಶೀರ್ವಾದಕ್ಕೆ ಏನು ಬೆಲೆ ಅಂತ ಕೇಳಬೇಡ. ಕಾಗದ ಹೀಗೆ ಶುರುವಾಗದಿದ್ದರೆ ನನಗೆ ಮುಂದಿನ ಸಾಲು ಹೊಳೆಯುವುದಿಲ್ಲ.)

ಮೊನ್ನೆ ನಿನ್ನಜ್ಜಿ ಕುಮಾರವ್ಯಾಸನ ಗದುಗಿನ ಭಾರತದಲ್ಲಿ ದ್ರೌಪದಿಯ ವಸ್ತ್ರಾಪಹರಣ ಓದುತ್ತಿದ್ದಾಗ "ಅಷ್ಟೊಂದು ಸೀರೆ ಯಾವ ಮಿಲ್ಲಿಂದ ಬಂತಜ್ಜಿ?" ಅಂದೆಯಲ್ಲ, ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಅವಳು ಕನ್ನಡಕ ತೆಗೆದು, ಪುಸ್ತಕ ಮುಚ್ಚಿ ಒಳಗೆ ಹೋದಳು.

ನಿನ್ನ ವಯಸ್ಸಲ್ಲಿ ನಾನೂ ಹೀಗೇ ಇದ್ದೆ. ದೇವಸ್ಥಾನದ ಜಗುಲಿಯಲ್ಲಿ ಗಮಕ ನಡೆಯುತ್ತಿದ್ದರೆ ಸೈಕಲ್ಲು ತುಳಿದುಕೊಂಡು ಮುಂದೆ ಹೋಗುತ್ತಿದ್ದೆ. "ಇದು ನಡೆದದ್ದಲ್ಲ" ಎಂಬ ಒಂದೇ ಮಾತಿನಿಂದ ಹದಿನೆಂಟು ಪರ್ವಗಳಿಗೂ ಬೀಗ ಹಾಕಿಬಿಟ್ಟಿದ್ದೆ. ಬೀಗ ತೆಗೆದದ್ದು ರಿಟೈರಾದ ಮೇಲೆ. ಅಷ್ಟು ವರ್ಷ ದಂಡವಾಯಿತು ನೋಡು.

ಆ ಸಭೆಗೇ ಇನ್ನೊಮ್ಮೆ ಹೋಗು. ಸೀರೆಯನ್ನು ಸ್ವಲ್ಪ ಪಕ್ಕಕ್ಕಿಡು. ಕರೆದೊಯ್ಯಲು ಬಂದ ದುರ್ಯೋಧನನ ದೂತ ಪ್ರಾತಿಕಾಮಿಗೆ ದ್ರೌಪದಿ ಏನು ಹೇಳುತ್ತಾಳೆ? ಹೋಗಿ ಆ ಜೂಜುಗಾರನನ್ನು ಕೇಳಿಕೊಂಡು ಬಾ, ಮೊದಲು ಸೋತದ್ದು ತನ್ನನ್ನೋ ನನ್ನನ್ನೋ ಅಂತ. ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣಕ್ಕಿಡುವ ಹಕ್ಕು ಎಲ್ಲಿಯದು? ಧರ್ಮರಾಯ ತುಟಿ ಬಿಚ್ಚುವುದಿಲ್ಲ. ಭೀಷ್ಮ, ಧರ್ಮ ಸೂಕ್ಷ್ಮವಾದದ್ದು, ನನಗೆ ಬಿಡಿಸಿ ಹೇಳಲಾಗದು ಅನ್ನುತ್ತಾನೆ. ಅವಳ ಪರ ನಿಂತವನು, ವಿದುರನನ್ನು ಬಿಟ್ಟರೆ, ಕೌರವರಲ್ಲೇ ಒಬ್ಬ ವಿಕರ್ಣ. ಅವನ ಬಾಯನ್ನು ಕರ್ಣ ಮುಚ್ಚಿಸುತ್ತಾನೆ. ಕೊನೆಗೆ ನರಿ ಊಳಿಟ್ಟು, ಧೃತರಾಷ್ಟ್ರ ಹೆದರಿ ವರ ಕೊಡುತ್ತಾನೆ. ಅವಳು ಎರಡೇ ವರ ಕೇಳಿ ಗಂಡಂದಿರನ್ನು ಬಿಡಿಸಿಕೊಳ್ಳುತ್ತಾಳೆ, ಮೂರನೆಯದು ಬೇಡ ಅನ್ನುತ್ತಾಳೆ. ಪ್ರಶ್ನೆಗೆ ಮಾತ್ರ ಉತ್ತರವಿಲ್ಲ. ಉತ್ತರ ಕೊಡಲಾಗದ ಪ್ರಶ್ನೆಯೊಂದನ್ನು ಯಾರೋ ಜತನವಾಗಿ ಉಳಿಸಿಕೊಂಡು ಬಂದಿದ್ದಾರೆ, ಅದು ನನಗೆ ಸೀರೆಗಿಂತ ದೊಡ್ಡ ಪವಾಡ.

ಇನ್ನು ಸೀರೆ. ಪುಣೆಯ ಭಂಡಾರ್ಕರ್ ಸಂಸ್ಥೆಯವರು 1919ರಿಂದ 1966ರವರೆಗೆ ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ತಾಳೆ ನೋಡಿ ಸಂಸ್ಕೃತ ಭಾರತದ ಪಾಠ ಸಿದ್ಧಪಡಿಸಿದರು. ಅದರ ಸಭಾಪರ್ವದಲ್ಲಿ, ವಸ್ತ್ರ ಎಳೆಯುವಾಗ ದ್ರೌಪದಿ ಕೃಷ್ಣನಿಗೆ ಮೊರೆಯಿಡುವ ಶ್ಲೋಕಗಳು ಮೂಲಪಾಠದಲ್ಲಿಲ್ಲ, ಅಡಿಟಿಪ್ಪಣಿಗೆ ಇಳಿದಿವೆ. ವಸ್ತ್ರ ಬರುತ್ತದೆ. ಕೊಟ್ಟವರು ಯಾರೆಂದು ಅಲ್ಲಿ ಹೇಳಿಲ್ಲ. ಹಾಗಂತ ಕುಮಾರವ್ಯಾಸ ಮೋಸ ಮಾಡಿದ ಅನ್ನಬೇಡ. "ತಿಳಿಯ ಹೇಳುವೆ ಕೃಷ್ಣಕಥೆಯನು" ಅಂತ ಅವನು ಮೊದಲೇ ಹೇಳಿಕೊಂಡಿದ್ದಾನೆ.

ಪಂಪನನ್ನು ನೋಡು. ಜೈನ. 941ರಲ್ಲಿ ತನ್ನದಲ್ಲದ ಮತದ ಕಥೆಯನ್ನು ಕೈಗೆತ್ತಿಕೊಂಡು, ಅರ್ಜುನನಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಕಂಡು, ದ್ರೌಪದಿಗೆ ಒಬ್ಬನೇ ಗಂಡ ಅಂದುಬಿಟ್ಟ! ಕರ್ಣನನ್ನು ಮಾತ್ರ ಮರೆಯಲಾಗದಂತೆ ಮಾಡಿಟ್ಟ. ಹೊರಗಿನವನಾಗಿ ಭಾರತ ಓದುವುದಕ್ಕೆ ಕನ್ನಡದಲ್ಲಿ ಸಾವಿರ ವರ್ಷದ ದಾರಿಯಿದೆ ಮಗಳೇ, ನೀನು ಹೊಸದಾಗಿ ಮುಳ್ಳು ಸವರಬೇಕಾಗಿಲ್ಲ.

ಏಕಲವ್ಯನ ಹೆಬ್ಬೆರಳಿನ ಹತ್ತಿರ ಬಂದಾಗ ನಿನಗೆ ಸಿಟ್ಟು ಬಂದರೆ ಬರಲಿ. ದ್ರೋಣನನ್ನು ಕಾಪಾಡುವ ಹೊರೆ ನಮ್ಮಂಥವರಿಗಿಲ್ಲ. ಆದರೆ ಪುರಾಣದಲ್ಲಿ ವಿಮಾನ ಹುಡುಕುವವರ ಜೊತೆ ಜಗಳಕ್ಕೆ ಕೂರಬೇಡ. ಅವರೂ ನೀನು ಮೊನ್ನೆ ಕೇಳಿದ ಪ್ರಶ್ನೆಯನ್ನೇ ಕೇಳುತ್ತಿದ್ದಾರೆ, ಉತ್ತರ ಮಾತ್ರ ಬೇರೆ.

ನೀನು ಬಸ್ಸು ಹತ್ತಿದ ರಾತ್ರಿ ಅಜ್ಜಿ ಹಾಲಿನ ಲೋಟ ಇಡುತ್ತಾ ಅಂದಳು: "ಸೀರೆ ಎಲ್ಲಿಂದ ಬಂತು ಅಂತ ಕೇಳ್ತೀರಿ. ಅಷ್ಟು ದೊಡ್ಡ ಗಂಡಸರು ಕೂತು ನೋಡ್ತಾ ಇದ್ದರಲ್ಲ, ಅದನ್ನು ಯಾಕೆ ಕೇಳಲ್ಲ?" ಅರವತ್ತು ವರ್ಷದಿಂದ ಓದುತ್ತಿದ್ದಾಳೆ. ನಾನು ರಿಟೈರಾದ ಮೇಲೆ ಕಂಡುಕೊಂಡೆ ಅಂತ ಬೀಗುತ್ತಿದ್ದದ್ದು ಅವಳಿಗೆ ಯಾವತ್ತೋ ಗೊತ್ತಿತ್ತು.

ಯುಗಾದಿಗೆ ಬಾ. ಅವಳ ಬಲಗಣ್ಣಿಗೆ ಪೊರೆ ಬಂದಿದೆ, ಸಣ್ಣ ಅಕ್ಷರ ಕಾಣುತ್ತಿಲ್ಲ. ಈ ಸಲ ನೀನು ಓದು. ಮೊನ್ನೆ ಮುಚ್ಚಿದ ಪುಟದಲ್ಲೇ ದಾರ ಇಟ್ಟಿದ್ದೇನೆ. ಕೃಷ್ಣನನ್ನು ಕರೆಯುವ ಪದ್ಯಗಳು ಬಂದಾಗ ಅವಸರ ಮಾಡಬೇಡ. ಅಲ್ಲಿ ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ, ಸ್ವಲ್ಪ ಹೊತ್ತು ಬೇಕು.

ಇಂತಿ,
ನಿನ್ನ ದೊಡ್ಡಪ್ಪ